ನಿಂತ ಇಂಜಿನ್ನಿಗೆ ಮತ್ತೆ ಜೀವ: ನಮ್ಮ ಸೀಮೆಯ ಯಂತ್ರಗಳ ಕಥೆ



ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಸಂಘ ಬೆಳೆದು ಬಂದ ದಾರಿ, ಹಿರಿಯರ ಸ್ಮರಣೆ, ಜಮಾ ಖರ್ಚು ಇವೆಲ್ಲ ಇದ್ದೇ ಇರುತ್ತವೆ. ಅವನ್ನು ಬರೆಯಲು ನನಗಿಂತ ಬಲ್ಲವರು ಇದ್ದಾರೆ. ನಾನು ನಮ್ಮ ಊರುಕೇರಿಗಳಲ್ಲಿ ಮೂಲೆ ಸೇರಿ ಕೂತಿರುವ ಹಳೇ ಯಂತ್ರಗಳ ಬಗ್ಗೆ ನಾಲ್ಕು ಮಾತು ಬರೆಯಲು ಇಚ್ಛಿಸುತ್ತೇನೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಲವು ಊರುಗಳಲ್ಲಿ ಇವನ್ನು ಕಾಣಬಹುದು. ಹಳೇ ಆಲೆಮನೆಯ ಹಿಂದೆ ಎರಡು ದೊಡ್ಡ ಚಕ್ರದ ಆಯಿಲ್ ಇಂಜಿನ್, ದೊಡ್ಡಮನೆಯ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಒಂದು ಅಂಬಾಸಿಡರ್ರೋ ಫಿಯಟ್ಟೋ, ಹುಣಿಸೇಮರದಡಿ ಟೈರು ಇಳಿದು ಕೂತ ಜೀಪು. ಅದರ ಮೇಲೆ ಕೋಳಿ ಕೂರುತ್ತದೆ, ಸೀಟಿನೊಳಗೆ ಇಲಿ ಮರಿ ಹಾಕಿರುತ್ತದೆ. ವರ್ಷಕ್ಕೆ ಎರಡು ಸಲ ಗುಜರಿಯವನು ಬಂದು, "ಕೆಜಿ ಲೆಕ್ಕದಲ್ಲಿ ಕೊಟ್ಬುಡಿ ಗೌಡ್ರೇ, ಸುಮ್ನೆ ಜಾಗ ಹಿಡ್ಕಂಡೈತೆ" ಅಂತ ಕೇಳಿ ಹೋಗುತ್ತಾನೆ. ಒಂದು ದಿನ ಯಾರಾದರೂ ಕೊಟ್ಟೂ ಬಿಡುತ್ತಾರೆ.

ಈ ಇಂಜಿನ್‌ಗಳು ನಿಜವಾಗಿ ಸತ್ತಿವೆಯೇ? ಬಲ್ಲ ಮೇಸ್ತ್ರಿಗಳನ್ನು ಕೇಳಿದರೆ, ಬಹಳಷ್ಟು ಸತ್ತಿಲ್ಲ, ನಿದ್ದೆಯಲ್ಲಿವೆ ಎನ್ನುತ್ತಾರೆ. ಅವು ನಮ್ಮ ಸೀಮೆಗೆ ಹೇಗೆ ಬಂದವು, ಏಕೆ ನಿಂತವು, ಇಪ್ಪತ್ತು ಮೂವತ್ತು ವರ್ಷ ನಿಂತ ಇಂಜಿನ್ನನ್ನು ಎಬ್ಬಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಉಗಿಯಿಂದ ಕರೆಂಟಿನವರೆಗೆ

ನಮ್ಮ ಹಿರಿಯರು ಮೊದಲು ಕಂಡ ಇಂಜಿನ್ ಎಂದರೆ ರೈಲಿನ ಉಗಿ ಇಂಜಿನ್. 1881–82ರಲ್ಲಿ ಬೆಂಗಳೂರು ಮೈಸೂರು ನಡುವೆ ಮೀಟರ್ ಗೇಜ್ ರೈಲುಹಾದಿ ಆದಾಗ ಅದು ಮದ್ದೂರು, ಮಂಡ್ಯದ ಮೇಲೇ ಹಾದುಹೋಯಿತು. ಎತ್ತಿಲ್ಲದೆ ಓಡುವ ಬಂಡಿ ನೋಡಲು ಜನ ಗದ್ದೆಬದುವಿನ ಮೇಲೆ ನಿಂತಿರುತ್ತಿದ್ದರೆಂದರೆ ಆಶ್ಚರ್ಯವಿಲ್ಲ.

ಅದಾದ 20 ವರ್ಷಕ್ಕೆ ಮಳವಳ್ಳಿ ತಾಲ್ಲೂಕಿನಲ್ಲಿ ಇನ್ನೂ ದೊಡ್ಡ ಕೆಲಸವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾದ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿತು. ತಂತಿಯ ಉದ್ದ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೂ ಅಲ್ಲಿಂದಲೇ ದೀಪ ಹೋಯಿತು. ಆದರೆ ಮಗ್ಗುಲಲ್ಲೇ ಇದ್ದ ನಮ್ಮ ಹಳ್ಳಿಗಳಿಗೆ ತಂತಿ ಬರಲು ದಶಕಗಳೇ ಹಿಡಿದವು. ದೀಪದ ಕೆಳಗೆ ಕತ್ತಲೆ ಅನ್ನೋದು ಇದಕ್ಕೇ. ಆ ಕತ್ತಲೆಯ ವರ್ಷಗಳಲ್ಲಿ ನಮ್ಮ ಕೈ ಹಿಡಿದದ್ದು ಆಯಿಲ್ ಇಂಜಿನ್.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಮೂರೂ ತಾಲ್ಲೂಕಿಗೆ ಹರಿಯಿತು. ರಾಗಿ ಬೆಳೆಯುತ್ತಿದ್ದ ಹೊಲ ಕಬ್ಬಿನ ಗದ್ದೆಯಾಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಕಬ್ಬು ಬಂದ ಮೇಲೆ ಅದನ್ನು ಅರೆಯಬೇಕು, ಸಾಗಿಸಬೇಕು, ನೀರು ಎತ್ತಬೇಕು. ಎತ್ತಿನ ಗಾಣ ಸಾಲದಾಯಿತು. ಹೀಗೆ ಹಳ್ಳಿಗೆ ಇಂಜಿನ್ ಬಂತು.

ಮೋಟಾರು, ಯುದ್ಧ ಮತ್ತು ಇದ್ದಿಲು

ಮೋಟಾರು ಕಾರು ಮೊದಲು ಅರಮನೆಯವರ, ದೊರೆಗಳ ಸೊತ್ತು. ಆಮೇಲೆ ಕಂಟ್ರಾಕ್ಟರು, ಡಾಕ್ಟರು, ಮಿಲ್ಲಿನವರ ಮನೆಗೆ ಬಂತು. ಬಂದವೆಲ್ಲ ಇಂಗ್ಲೆಂಡು, ಅಮೆರಿಕದ ಗಾಡಿಗಳೇ. ಇಲ್ಲೇ ಕಾರು ಮಾಡಬೇಕೆಂದು 1930ರ ದಶಕದಲ್ಲಿ ಬಹಳ ಓಡಾಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜತೆ ಸೇರಿ ಯೋಜನೆ ಹಾಕಿದರು. ಬ್ರಿಟಿಷ್ ಸರ್ಕಾರದ ಸಹಕಾರ ಸಿಗದೆ ಆ ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ನಮ್ಮ ಕಡೆ ಓಡಿದ ಫಿಯಟ್ ಕಾರುಗಳು ಆ ಕಂಪನಿಯವೇ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಹಿಂದೆ ಒಂದು ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬರುವ ಗ್ಯಾಸಿನಿಂದ ಇಂಜಿನ್ ಓಡಿಸಿದರು. ಬೆಳಗ್ಗೆ ಎದ್ದು ಬೀಸಣಿಗೆ ತಿರುಗಿಸಿ ಬೆಂಕಿ ಹಚ್ಚಿದರೆ ಅರ್ಧ ಗಂಟೆಯಾದ ಮೇಲೆ ಬಸ್ಸು ಹೊರಡೋದು. ಏರು ಬಂದರೆ ಪ್ಯಾಸೆಂಜರ್‌ಗಳು ಇಳಿದು ತಳ್ಳಬೇಕು. ಎಣ್ಣೆ ಇಲ್ಲ ಅಂತ ಆ ಜನ ಇಂಜಿನ್ನನ್ನು ಮೂಲೆಗೆ ತಳ್ಳಲಿಲ್ಲ, ಸಿಕ್ಕಿದ್ದರಲ್ಲೇ ಓಡಿಸಿದರು. ಇದನ್ನು ನಾವು ನೆನಪಿಡಬೇಕು.

ಸ್ವಾತಂತ್ರ್ಯ ಬಂದ ಮೇಲೆ ಜೀಪು ಬಂತು. 1954ರಲ್ಲಿ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್, 1957ರಲ್ಲಿ ಅಂಬಾಸಿಡರ್ ಬಂದವು. ಅಂಬಾಸಿಡರ್ 2014ರವರೆಗೆ ತಯಾರಾಯಿತು. ಮದುವೆ ದಿಬ್ಬಣ, ಹೆರಿಗೆ ನೋವು, ಎಲೆಕ್ಷನ್ ಪ್ರಚಾರ ಎಲ್ಲಕ್ಕೂ ಊರಿಗೊಂದೇ ಕಾರು ಇದ್ದ ಕಾಲ ಅದು. ಎಷ್ಟೋ ಮಕ್ಕಳು ಹುಟ್ಟುವ ಮೊದಲು ತಾಯಿಯನ್ನು ಮಂಡ್ಯದ ಆಸ್ಪತ್ರೆಗೆ ಮುಟ್ಟಿಸಿದ್ದು ಅಂಥ ಕಾರುಗಳೇ.

ಆಲೆಮನೆಯ ಡುಗುಡುಗು

ಕಾರು ನಾಲ್ಕು ಜನರದ್ದು, ಆಯಿಲ್ ಇಂಜಿನ್ ಎಲ್ಲರದ್ದು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಒಂದು ಇಂಜಿನ್ ಮಾಡಿತು. ಒಂದೇ ಸಿಲಿಂಡರ್, ಎರಡು ಕಡೆ ಭಾರದ ಚಕ್ರ, 6 ಕುದುರೆ ಶಕ್ತಿ, ನಿಮಿಷಕ್ಕೆ ಬರೀ 650 ಸುತ್ತು. ಈಗಿನ ಬೈಕು ಸುಮ್ಮನೆ ನಿಂತಾಗಲೇ ಅದಕ್ಕಿಂತ ಹೆಚ್ಚು ತಿರುಗುತ್ತದೆ. ನಿಧಾನವಾಗಿ ತಿರುಗಿದ್ದರಿಂದಲೇ ಸವೆತ ಕಡಿಮೆ, ಬಾಳಿಕೆ ಹೆಚ್ಚು. ಇದೇ ಮಾದರಿಯನ್ನು ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಹತ್ತಾರು ವರ್ಷ ಎರಕ ಹೊಯ್ದು ದೇಶದ ತುಂಬ ಮಾರಿದವು.

ಇತ್ತ ಸಾತಾರದ ಕೂಪರ್ ಕಂಪನಿ 1930ರ ದಶಕದಲ್ಲೇ ಡೀಸೆಲ್ ಇಂಜಿನ್ ಮಾಡಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾಯಿತು. ಆ ಮನೆತನದ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ನಮ್ಮ ಆಲೆಮನೆಗಳಲ್ಲಿ ಇಂಥ ಇಂಜಿನ್ನು ಬೆಲ್ಟು ಹಾಕಿಕೊಂಡು ಗಾಣ ತಿರುಗಿಸುತ್ತಿತ್ತು. ಪಕ್ಕದಲ್ಲಿ ನೀರಿನ ಡ್ರಮ್ಮು, ಮೇಲಕ್ಕೆ ಹೊಗೆ ಕೊಳವೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವ ವಾಸನೆಯೂ ಇಂಜಿನ್ನಿನ ಡುಗುಡುಗು ಸದ್ದೂ ಒಟ್ಟಿಗೇ ಬರುತ್ತಿದ್ದವು. ಸದ್ದು ಸ್ವಲ್ಪ ಬದಲಾದರೂ ಮಲಗಿದ್ದ ಮೇಸ್ತ್ರಿ ಎದ್ದು ಬರುತ್ತಿದ್ದ. ಕಿವಿಯೇ ಅವನ ಮೀಟರು.

ಏಕೆ ನಿಂತವು?

ಕೆಟ್ಟು ನಿಂತವು ಕಡಿಮೆ, ಬೇಡವಾಗಿ ನಿಂತವು ಹೆಚ್ಚು. ಕರೆಂಟ್ ಬಂತು, ಮೋಟಾರು ಕೂರಿಸಿದರು, ಸ್ವಿಚ್ ಒತ್ತಿದರೆ ನೀರು. ಡೀಸೆಲ್ ಕ್ಯಾನು ಹೊರುವ ಕಷ್ಟ ಯಾರಿಗೆ ಬೇಕು? ಕಾರಿನ ಕಥೆಯೂ ಹಾಗೆಯೇ. ಯಜಮಾನರು ತೀರಿಕೊಂಡರು, ಮಕ್ಕಳು ಬೆಂಗಳೂರು ಸೇರಿದರು, ಭಾಗ ಆಗುವಾಗ ಕಾರು ಯಾರಿಗೆ ಅಂತ ತೀರ್ಮಾನವಾಗಲಿಲ್ಲ. ಪೆಟ್ರೋಲ್ ಬೆಲೆ ಏರಿತು, ಸ್ಪೇರ್ ಪಾರ್ಟು ಸಿಗದಾಯಿತು. "ನಾಳೆ ತೆಗೆಯೋಣ" ಅಂದುಕೊಂಡು ನಿಲ್ಲಿಸಿದ ಗಾಡಿ ಮೂವತ್ತು ವರ್ಷ ಅಲ್ಲೇ ನಿಂತಿತು.

ಓಡುವ ಇಂಜಿನ್ ಸವೆಯುವುದಕ್ಕಿಂತ ನಿಂತ ಇಂಜಿನ್ ಹಾಳಾಗುವುದು ಬೇರೆ ಬಗೆ. ಓಡುವಾಗ ಎಣ್ಣೆ ಎಲ್ಲ ಕಡೆ ಹರಿದು ಕಬ್ಬಿಣಕ್ಕೆ ಪದರ ಹಾಕಿರುತ್ತದೆ. ನಿಂತ ಮೇಲೆ ಆ ಎಣ್ಣೆ ಮೆಲ್ಲಗೆ ಕೆಳಗಿಳಿದು ಸಂಪಿಗೆ ಸೇರುತ್ತದೆ, ಮೇಲಿನ ಭಾಗ ಒಣಗುತ್ತದೆ. ಇಂಜಿನ್ ನಿಲ್ಲುವಾಗ ಯಾವುದಾದರೂ ಒಂದು ಸಿಲಿಂಡರಿನ ವಾಲ್ವು ತೆರೆದೇ ಇರುತ್ತದೆ. ಅದರ ಮೂಲಕ ಮಳೆಗಾಲದ ತೇವದ ಗಾಳಿ ಒಳಹೋಗಿ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸುತ್ತದೆ. ಪಿಸ್ಟನ್ನಿನ ರಿಂಗು ಆ ತುಕ್ಕಿಗೆ ಅಂಟಿಕೊಳ್ಳುತ್ತದೆ. ಇದನ್ನೇ ನಾವು ಜಾಮ್ ಆಗಿದೆ ಅನ್ನೋದು. ಟ್ಯಾಂಕಿನ ಪೆಟ್ರೋಲ್ ಆವಿಯಾಗಿ ಉಳಿದದ್ದು ಅಂಟಾಗಿ, ಕಾರ್ಬೊರೇಟರಿನ ಸೂಜಿಕಣ್ಣಿನಷ್ಟು ಸಣ್ಣ ತೂತುಗಳನ್ನು ಮುಚ್ಚುತ್ತದೆ. ರೇಡಿಯೇಟರಿನಲ್ಲಿ ಬಿಟ್ಟ ನೀರು ಒಳಗಿನಿಂದಲೇ ಕಬ್ಬಿಣ ತಿನ್ನುತ್ತದೆ. ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ.

ಎಬ್ಬಿಸುವ ಕ್ರಮ

ಹಳೇ ಗಾಡಿ ಕಂಡ ಹುಡುಗರು ಮೊದಲು ಮಾಡುವ ಕೆಲಸವೆಂದರೆ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದು. ಇದೇ ಇಂಜಿನ್ನನ್ನು ಕೊಲ್ಲುವ ದಾರಿ. ಅಂಟಿದ ರಿಂಗು ಮುರಿಯುತ್ತದೆ, ಒಣಗಿದ ಬೇರಿಂಗು ಉಜ್ಜುತ್ತದೆ, ಸಿಕ್ಕಿಕೊಂಡ ವಾಲ್ವಿನಿಂದ ಕಡ್ಡಿ ಬಗ್ಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷ ತಡೆದ ಇಂಜಿನ್ನು ಮೂರು ಸೆಕೆಂಡಿನಲ್ಲಿ ಹಾಳಾಗುತ್ತದೆ. ಅದಕ್ಕೇ ಹಳೇ ಮೇಸ್ತ್ರಿಗಳು, "ಕೀ ಮುಟ್ಬ್ಯಾಡ ಕಣ್ಲಾ, ಮೊದ್ಲು ಎಣ್ಣೆ ಬುಡು, ಆಮ್ಯಾಕೆ ಮಾತು" ಅಂತ ಗದರುತ್ತಿದ್ದರು.

ಮೊದಲ ಕೆಲಸ ನೋಡುವುದು. ಏರ್ ಕ್ಲೀನರು, ಸೈಲೆನ್ಸರಿನೊಳಗೆ ಇಲಿ ಗೂಡು, ಕಡಜದ ಮಣ್ಣು ಇದೆಯೇ ನೋಡಬೇಕು. ಎಣ್ಣೆ ಕಡ್ಡಿ ಎಳೆದು ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ. ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಆಗ ಇಂಜಿನ್ ಬಿಚ್ಚದೆ ಗತಿಯಿಲ್ಲ.

ಎರಡನೆಯದು ನೆನೆಸುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ಮೆಲ್ಲಗೆ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚದಷ್ಟು ತೆಳು ಎಣ್ಣೆ ಬಿಡಬೇಕು. ಡೀಸೆಲ್ಲೂ ಇಂಜಿನ್ ಆಯಿಲ್ಲೂ ಬೆರೆಸಿ ಬಿಡುವವರೂ ಉಂಟು. ಬಿಟ್ಟು ಮರೆತುಬಿಡಬೇಕು. ಒಂದು ದಿನಕ್ಕೆ ಆಗುವ ಕೆಲಸವಲ್ಲ, ವಾರ ಹಿಡಿಯಬಹುದು, ಹೆಚ್ಚೂ ಆಗಬಹುದು. ಎಣ್ಣೆ ತುಕ್ಕಿನ ಸಂದಿಗೆ ಇಳಿಯಲು ಹೊತ್ತು ಬೇಕು.

ಮೂರನೆಯದು ಕೈಯಲ್ಲಿ ತಿರುಗಿಸುವುದು. ಪ್ಲಗ್ಗು ಹೊರಗೇ ಇರಲಿ, ಒಳಗೆ ಒತ್ತಡ ಇರಬಾರದು. ಗೇರು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಹಾಕಿ, ಆ ಕಡೆ ಈ ಕಡೆ ತೊಟ್ಟಿಲು ತೂಗಿದ ಹಾಗೆ ಅಲುಗಿಸಬೇಕು. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಉದ್ದ ಪೈಪು ಹಾಕಿ ಜೋರು ಮಾಡಬಾರದು. ಎಷ್ಟು ಕಾದರೂ ಬಿಡದಿದ್ದರೆ ಹೆಡ್ ಬಿಚ್ಚಬೇಕು, ಅಷ್ಟೆ.

ನಾಲ್ಕನೆಯದು ಹಳೇ ಎಣ್ಣೆ ಇಳಿಸುವುದು. ಸಂಪು ಬಿಚ್ಚಿದರೆ ತಳದಲ್ಲಿ ಹಲ್ವದ ಹಾಗೆ ಮಡ್ಡಿ ಕೂತಿರುತ್ತದೆ. ಅದನ್ನು ತೆಗೆಯದೆ ಹೊಸ ಎಣ್ಣೆ ಹಾಕಿದರೆ ಮಡ್ಡಿ ಕರಗಿ ಎಣ್ಣೆಯ ದಾರಿಯನ್ನೇ ಮುಚ್ಚುತ್ತದೆ. ತೊಳೆದು, ಫಿಲ್ಟರು ಬದಲಿಸಿ, ಹೊಸ ಎಣ್ಣೆ ತುಂಬಿ, ಪ್ಲಗ್ಗಿಲ್ಲದೆಯೇ ಇಂಜಿನ್ ತಿರುಗಿಸುತ್ತಾ ಆಯಿಲ್ ಗೇಜಿನ ಮುಳ್ಳು ಏಳುತ್ತದೆಯೇ ನೋಡಬೇಕು. ಮುಳ್ಳು ಎದ್ದರೆ ರಕ್ತ ಓಡಿತು ಎಂದು ತಿಳಿಯಿರಿ. ಏಳುವವರೆಗೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಐದನೆಯದು ಕಿಡಿ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿಗೆ ಬೂದು ಹಿಡಿದಿರುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ ಗ್ಯಾಪ್ ಹೊಂದಿಸಬೇಕು. ಅಂಬಾಸಿಡರಿನಂಥ ಗಾಡಿಗೆ ಪಾಯಿಂಟಿಗೆ ಸುಮಾರು 15 ಥೌ, ಪ್ಲಗ್ಗಿಗೆ 25 ಥೌ. ಕಂಡೆನ್ಸರ್ ಕೆಟ್ಟಿದ್ದರೆ ಎಷ್ಟು ಉಜ್ಜಿದರೂ ಕಿಡಿ ಸಪ್ಪೆಯೇ. ವೈರು ಕೂಡಿಸುವ ಕ್ರಮ 1-3-4-2 ಎಂಬುದನ್ನು ಹಳೇ ಮೇಸ್ತ್ರಿಗಳು ಮಗ್ಗಿಯ ಹಾಗೆ ಹೇಳುತ್ತಿದ್ದರು. ಬ್ಯಾಟರಿ ಕೂಡಿಸುವಾಗಲೂ ಎಚ್ಚರ ಬೇಕು. ತುಂಬಾ ಹಳೇ ಕಾರುಗಳಲ್ಲಿ 6 ವೋಲ್ಟಿನವೂ ಇವೆ, ಪಾಸಿಟಿವ್ ಕಡೆಯನ್ನು ಬಾಡಿಗೆ ಕೊಟ್ಟಿರುವ ಇಂಗ್ಲಿಷ್ ಗಾಡಿಗಳೂ ಇವೆ. ಈಗಿನ ಅಭ್ಯಾಸದಲ್ಲಿ ತಿರುಗಾಮುರುಗಾ ಕೂಡಿಸಿದರೆ ಡೈನಮೋ ಹೋದಂತೆಯೇ.

ಆರನೆಯದು ಪೆಟ್ರೋಲು. ಟ್ಯಾಂಕ್ ಇಳಿಸಿ ತೊಳೆಯಬೇಕು. ಕಾರ್ಬೊರೇಟರ್ ಬಿಚ್ಚಿ ಪ್ರತಿ ತೂತಿಗೂ ಗಾಳಿ ಹೊಡೆಯಬೇಕು. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಪೆಟ್ರೋಲ್ ಪಂಪಿನ ಪೊರೆ, ರಬ್ಬರ್ ಪೈಪು ಹೊಸದು ಹಾಕಬೇಕು. ರೇಡಿಯೇಟರನ್ನು ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ತೊಳೆದರೆ ಮಣ್ಣು, ತುಕ್ಕು ಹೊರಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಸ್ಟಾರ್ಟು. ಹ್ಯಾಂಡಲ್ ಹೊಡೆಯುವವರು ಒಂದು ಮಾತು ಮರೆಯಬಾರದು: ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇರಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮಣಿಕಟ್ಟು ಮುರಿದ ಉದಾಹರಣೆಗಳು ಬಹಳ. ಕೆಳಗಿಂದ ಮೇಲಕ್ಕೆ ಎಳೆಯಬೇಕೇ ವಿನಾ ಮೇಲಿಂದ ಕೆಳಕ್ಕೆ ಒತ್ತಬಾರದು. ಶೆಡ್ಡಿನ ಬಾಗಿಲು ಪೂರಾ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಸದ್ದಿಲ್ಲದೆ ಜೀವ ತೆಗೆಯುತ್ತದೆ. ಬೀಡಿ ಸೇದುವವರು ದೂರ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಮೊದಲು ಒಂದು ಕೆಮ್ಮು, ಆಮೇಲೆ ಎರಡು, ಆಮೇಲೆ ಹೊಗೆಯ ಮೋಡವೇ ಏಳುತ್ತದೆ. ಹೆದರಬೇಡಿ, ಅದು ನಾವೇ ಬಿಟ್ಟ ಎಣ್ಣೆ ಉರಿಯುವುದು. ನೀಲಿ ಹೊಗೆ ಮೆಲ್ಲಗೆ ತಿಳಿಯಾದರೆ ರಿಂಗು ಬಿಡಿಸಿಕೊಂಡಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ನೀರು ಕಡಿಮೆಯಾಗುತ್ತಿದ್ದರೆ ಒಳಗೆ ಸೋರಿಕೆ ಇದೆ. ಕಣ್ಣು ಮಾತ್ರ ಆಯಿಲ್ ಗೇಜಿನ ಮೇಲೇ ಇರಲಿ. ರೇಸ್ ಮಾಡಬಾರದು. ಎರಡು ಮೂರು ನಿಮಿಷಕ್ಕೆ ನಿಲ್ಲಿಸಿ, ಆರಿದ ಮೇಲೆ ಮತ್ತೆ ನೋಡಬೇಕು. ಇಂಜಿನ್ ಓಡಿತು ಅಂತ ಖುಷಿಯಲ್ಲಿ ಗಾಡಿ ರೋಡಿಗಿಳಿಸುವವರೂ ಉಂಟು. ಬ್ರೇಕು ಸರಿಮಾಡದೆ ಗಾಡಿ ಕದಲಿಸಲೇಬಾರದು. ಇಷ್ಟು ವರ್ಷ ನಿಂತ ಗಾಡಿಗೆ ಬ್ರೇಕ್ ಇಲ್ಲ ಎಂದೇ ತಿಳಿಯಬೇಕು.

ಆಯಿಲ್ ಇಂಜಿನ್ನಿಗೂ ಕ್ರಮ ಇದೇ, ಆದರೆ ಅಲ್ಲಿ ಕಿಡಿಯ ಕಾಟವಿಲ್ಲ. ಹಳೇ ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು 7 ಪಟ್ಟು ಒತ್ತಿದರೆ ಡೀಸೆಲ್ ಇಂಜಿನ್ 16–18 ಪಟ್ಟು ಒತ್ತುತ್ತದೆ. ಆ ಕಾವಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದ್ದು ನಾಜಲ್ ಮತ್ತು ಪೈಪಿನಲ್ಲಿ ಸಿಕ್ಕ ಗಾಳಿ. ಏರ್ ತೆಗೆದು, ತಲೆಯ ಮೇಲಿನ ಲಿವರ್ ಎತ್ತಿ ಒತ್ತಡ ಬಿಟ್ಟು, ಚಕ್ರ ಜೋರಾಗಿ ತಿರುಗಿದ ಮೇಲೆ ಲಿವರ್ ಇಳಿಸಿದರೆ ಡುಗ್ ಅನ್ನುತ್ತದೆ. ಆ ಸದ್ದಿಗೆ ಊರಿನ ಮುದುಕರೆಲ್ಲ ಎದ್ದು ಬರುವುದು ಖಂಡಿತ.

ನಮ್ಮ ಕಬ್ಬು, ನಮ್ಮ ಪೆಟ್ರೋಲು

ಇಲ್ಲಿ ಒಂದು ಸ್ವಾರಸ್ಯವಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ಹಳೇ ಕಾಲದ ಪೆಟ್ರೋಲ್ ಅಲ್ಲ. ದೇಶದಲ್ಲಿ 2022ರ ಹೊತ್ತಿಗೆ ಶೇಕಡ 10ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. 2023ರಿಂದ ಶೇಕಡ 20ರ ಮಿಶ್ರಣ ಬಂಕುಗಳಿಗೆ ಬರತೊಡಗಿತು. ಈ ಎಥೆನಾಲಿನ ಒಂದು ಭಾಗ ಕಬ್ಬಿನಿಂದ, ಕಾಕಂಬಿಯಿಂದ ಆಗುವಂಥದ್ದು. ರೈತನಿಗೆ ಅದರಿಂದ ಅನುಕೂಲವೇ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ, ಹಳೇ ರಬ್ಬರು, ಕಾರ್ಕು, ಪೊರೆಗಳನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಹಳೇ ಕಾರಿಗೆ ಇದನ್ನು ತಡೆಯುವ ಹೊಸ ಜಾತಿಯ ಪೈಪನ್ನೇ ಹಾಕಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬಾರದು. ನಮ್ಮ ಗದ್ದೆಯ ಕಬ್ಬು ನಮ್ಮ ಅಜ್ಜನ ಕಾರಿನ ಪೈಪು ತಿನ್ನದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಎದ್ದು ನಿಂತ ಉದಾಹರಣೆಗಳು

ಇದೆಲ್ಲ ಆಗುವ ಮಾತೇ ಎಂದು ಕೇಳಬಹುದು. ಫೇರಿ ಕ್ವೀನ್ ಎಂಬ ಉಗಿ ರೈಲು ಇಂಜಿನ್ 1855ರದ್ದು. 1909ರಲ್ಲಿ ಕೆಲಸದಿಂದ ನಿಂತಿತು. ನಮ್ಮ ರೈಲ್ವೆಯ ಕೆಲಸಗಾರರು ಅದನ್ನು ದುರಸ್ತಿ ಮಾಡಿ 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು. 88 ವರ್ಷದ ನಿದ್ದೆ ಅದು! ನಮ್ಮ ಜಿಲ್ಲೆಯಲ್ಲೇ ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೇ ಕಾರುಗಳನ್ನು ಇಟ್ಟಿರುವ 'ಪಯಣ' ಸಂಗ್ರಹಾಲಯ ಇದೆ. ಮೈಸೂರಿಗೆ ಹೋಗುವವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ನೋಡಬೇಕು. ಬೇರೆಯವರ ಕೊಟ್ಟಿಗೆಯಲ್ಲಿ ಗುಜರಿ ಎನಿಸಿಕೊಳ್ಳುವಂಥದ್ದು ಅಲ್ಲಿ ಹೇಗೆ ಹೊಳೆಯುತ್ತಿದೆ ಎಂದು ತಿಳಿಯುತ್ತದೆ.

ಇನ್ನೂ ದೊಡ್ಡ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಮಂಡ್ಯದ ಮೈಶುಗರ್ ಕಾರ್ಖಾನೆ ಕೆಲವು ವರ್ಷ ಕಬ್ಬು ಅರೆಯದೆ ನಿಂತಿತ್ತು. ರೈತರು ಬೀದಿಗಿಳಿದು ಕೇಳಿದರು. 2022ರಲ್ಲಿ ಸರ್ಕಾರದ ವತಿಯಿಂದಲೇ ಮತ್ತೆ ಶುರುವಾಯಿತು. ನಿಂತ ಕಾರ್ಖಾನೆಯನ್ನು ಎಬ್ಬಿಸುವುದು ಎಷ್ಟು ದುಬಾರಿ, ನಿಲ್ಲದಂತೆ ನೋಡಿಕೊಳ್ಳುವುದು ಎಷ್ಟು ಅಗ್ಗ ಎಂಬುದನ್ನು ಜಿಲ್ಲೆಯ ರೈತರೆಲ್ಲ ಕಲಿತರು.

ಗುಜರಿಯೋ, ಉಳಿಕೆಯೋ?

ಎಲ್ಲವನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಬ್ಲಾಕು ಸೀಳಿದ್ದು, ಬಾಡಿ ಪುಡಿಯಾದದ್ದು ಗುಜರಿಗೇ ಹೋಗಲಿ. ಆದರೆ ಕೊಡುವ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಿ. ಕೇಂದ್ರ ಸರ್ಕಾರ 2021ರಲ್ಲಿ ಹಳೇ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು, ಕಾರುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮರು ನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರದ ಮುಂದೆ 'ವಿಎ' ಎಂದು ಬರುತ್ತದೆ. ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಆದ್ದರಿಂದ ಮನೆಯ ಟ್ರಂಕಿನಲ್ಲಿರುವ ಹಳೇ ಆರ್.ಸಿ. ಪುಸ್ತಕವನ್ನು ಹರಿದು ಎಸೆಯಬೇಡಿ. 'ಎಂವೈ' ಅಕ್ಷರದಿಂದ ಶುರುವಾಗುವ ಆ ಹಳೇ ಮೈಸೂರು ರಾಜ್ಯದ ನಂಬರೇ ಗಾಡಿಯ ಜಾತಕ.

ಯಂತ್ರಕ್ಕಿಂತ ಬೇಗ ಕಳೆದುಹೋಗುತ್ತಿರುವುದು ಆ ಕೈಚಳಕ. ಕಿವಿಯಲ್ಲಿ ಕೇಳಿ ಕಾಯಿಲೆ ಹೇಳುವ, ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದು ಮಾಡಿಕೊಳ್ಳುವ ಮೇಸ್ತ್ರಿಗಳಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಅವರು ಬರೆದಿಟ್ಟದ್ದು ಏನೂ ಇಲ್ಲ, ಎಲ್ಲ ಕೈಯಲ್ಲೇ ಇದೆ. ಅವರು ಹೋದರೆ ಇಂಜಿನ್ನು ಉಳಿದೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯಲ್ಲಿ ಕಲಿಯುವ ಹುಡುಗರಿಗೇನೂ ಕೊರತೆಯಿಲ್ಲ. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲಿದೆ, ಐ.ಟಿ.ಐ.ಗಳಿವೆ. ಹುಡುಗರನ್ನೂ ಮೇಸ್ತ್ರಿಗಳನ್ನೂ ಒಂದು ಕಡೆ ಕೂರಿಸುವವರು ಬೇಕು.

ಆ ಕೆಲಸವನ್ನು ಸಂಘ ಏಕೆ ಮಾಡಬಾರದು? ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಲ್ಲಿ ಯಾರಾದರೂ ಬೇಡವೆಂದು ಬಿಟ್ಟ ಒಂದು ಆಯಿಲ್ ಇಂಜಿನ್ನನ್ನು ಸಂಘದ ಅಂಗಳಕ್ಕೆ ತಂದು, ಒಬ್ಬ ಹಿರಿಯ ಮೇಸ್ತ್ರಿಯವರ ಕೈಕೆಳಗೆ ಐದಾರು ಹುಡುಗರನ್ನು ಬಿಟ್ಟು, ಎಬ್ಬಿಸಿ ನೋಡಬಹುದು. ಖರ್ಚು ಒಂದು ಶಾಮಿಯಾನದಷ್ಟೂ ಆಗಲಾರದು. ವರ್ಷಕ್ಕೊಮ್ಮೆ ಮಹಾಸಭೆಯ ದಿನ ಅದನ್ನು ಓಡಿಸಿದರೆ ಅದೂ ಕೆಡುವುದಿಲ್ಲ, ವಿದ್ಯೆಯೂ ಉಳಿಯುತ್ತದೆ.

ಸಹಕಾರವೂ ಒಂದು ಇಂಜಿನ್ನೇ. 1904ರಲ್ಲಿ ದೇಶದಲ್ಲಿ ಸಹಕಾರಿ ಕಾನೂನು ಬಂದ ಮೇಲೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಸ್ಟಾರ್ಟ್ ಮಾಡಿದರು. ಅಂದಿನಿಂದ ಎಷ್ಟೋ ಸಂಘಗಳು ಹುಟ್ಟಿದವು, ಎಷ್ಟೋ ನಿಂತವು. ನಿಂತವು ಸವೆದು ನಿಂತದ್ದಲ್ಲ. ಸದಸ್ಯರು ಬರುವುದು ಬಿಟ್ಟರು, ಸಭೆಗಳು ಒಣಗಿದವು, ಒಳಗೆ ತುಕ್ಕು ಹಿಡಿಯಿತು. ನಮ್ಮ ಸಂಘ 25 ವರ್ಷ ನಿಲ್ಲದೆ ತಿರುಗಿದೆ. ಅದಕ್ಕೆ ಎಣ್ಣೆ ಬಿಟ್ಟವರು ಸದಸ್ಯರಾದ ನೀವು. ಸಭೆಗೆ ಬನ್ನಿ, ಕೇಳಿ, ಲೆಕ್ಕ ನೋಡಿ, ಸಾಲ ಸಕಾಲಕ್ಕೆ ಕಟ್ಟಿ. ಆಗ ಮುಂದಿನ 25 ವರ್ಷವೂ ಈ ಇಂಜಿನ್ನು ಹ್ಯಾಂಡಲ್ ಹೊಡೆಸಿಕೊಳ್ಳದೆ ಓಡುತ್ತದೆ.